ಸ್ಥಾನಕದ ಸಂಸ್ಕೃತ, ದಾಸರ ಕನ್ನಡ

॥ ಶ್ರೀಹರಿವಾಯುಗುರುಭ್ಯೋ ನಮಃ ॥

(ಶಾಖಾಮಠದ ವಾರ್ಷಿಕೋತ್ಸವದ ಅಂಗವಾಗಿ ಜರುಗಿದ ಜ್ಞಾನಸತ್ರದಲ್ಲಿ ನೀಡಲಾದ ಉಪನ್ಯಾಸದ ಬರಹರೂಪ)



ಸಂಸ್ಕೃತ ಮತ್ತು ಭಾರತೀಯ ಸಂಸ್ಕೃತಿ ಎಂಬ ವಿಷಯವು ಇಂತಹ ಸಭೆಗಳಲ್ಲಿ ಬಂದೊಡನೆ ಕೆಲವು ಮಾತುಗಳು ಕರೆಯದೆಯೇ ಬಂದು ಮುಂದಿನ ಸಾಲಿನಲ್ಲಿ ಕುಳಿತುಬಿಡುತ್ತವೆ. ಸಂಸ್ಕೃತವು ಸಕಲ ಭಾಷೆಗಳಿಗೂ ತಾಯಿ ಎಂಬುದು ಒಂದು. ಗಣಕಯಂತ್ರಕ್ಕೆ ಅತ್ಯಂತ ಯೋಗ್ಯವಾದ ಭಾಷೆಯೆಂದು ಅಮೆರಿಕೆಯ ನಾಸಾ ಸಂಸ್ಥೆಯೇ ಒಪ್ಪಿಕೊಂಡಿದೆ ಎಂಬುದು ಇನ್ನೊಂದು. ಕನ್ನಡ, ತುಳುಗಳು ದ್ರಾವಿಡ ವರ್ಗಕ್ಕೆ ಸೇರಿದ ಭಾಷೆಗಳು; ಸಂಸ್ಕೃತದಿಂದ ಅವು ಪದಸಂಪತ್ತನ್ನು ಧಾರಾಳವಾಗಿ ಪಡೆದಿವೆಯೇ ಹೊರತು ಜನ್ಮವನ್ನಲ್ಲ. ನಾಸಾದ ಮಾತಿಗೆ ಮೂಲವಾದದ್ದು 1985ರಲ್ಲಿ ರಿಕ್ ಬ್ರಿಗ್ಸ್ ಎಂಬ ಸಂಶೋಧಕರು ಬರೆದ ಒಂದು ಲೇಖನ. ಸಂಸ್ಕೃತದ ವೈಯಾಕರಣರು ವಾಕ್ಯದ ಅರ್ಥವನ್ನು ಬಿಡಿಸಿ ತೋರಿಸಿದ ಕ್ರಮವು ಯಂತ್ರಗಳಿಗೆ ಜ್ಞಾನವನ್ನು ಉಣಿಸುವ ಕ್ರಮವನ್ನು ಹೋಲುತ್ತದೆ ಎಂಬುದು ಅವರ ವಾದ. ಅದು ಪಾಣಿನಿಯ ಪರಂಪರೆಗೆ ಸಂದ ದೊಡ್ಡ ಮನ್ನಣೆಯೇ ಸರಿ. ಆದರೆ ಯಾವ ಸಂಸ್ಥೆಯೂ ಸಂಸ್ಕೃತವನ್ನು ಯಂತ್ರಭಾಷೆಯಾಗಿ ಆರಿಸಿಕೊಂಡ ಸುದ್ದಿಯಲ್ಲ. ಸತ್ಯವನ್ನು ಜಗತ್ತಿನ ಸ್ವರೂಪವೆಂದೇ ಸಾರಿದ ಸಿದ್ಧಾಂತದ ಅನುಯಾಯಿಗಳಿಗೆ ಊಹಾಪೋಹದ ಆಭರಣಗಳು ಶೋಭಿಸವು.

ಸಂಸ್ಕೃತದ ಮಹಿಮೆಯನ್ನು ಅಷ್ಟು ದೂರ ಹುಡುಕಬೇಕಾದ ಅಗತ್ಯವೂ ಇಲ್ಲ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿರುವ ಮಾಧ್ವ ಕುಟುಂಬಗಳು ಈ ಊರುಗಳನ್ನು ಬಹುಮಟ್ಟಿಗೆ ರೈಲಿನ ನಿಲ್ದಾಣಗಳೆಂದೇ ಅರಿತಿವೆ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲು ಬಂದು ನಿಂತದ್ದು ಠಾಣೆಯಲ್ಲಿ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಅದಕ್ಕೂ ಏಳೆಂಟು ನೂರು ವರ್ಷಗಳ ಹಿಂದೆ ಇದೇ ಠಾಣೆಯು ಶ್ರೀಸ್ಥಾನಕವೆಂಬ ರಾಜಧಾನಿಯಾಗಿತ್ತು, ಅಲ್ಲಿ ಸಂಸ್ಕೃತದ ಗ್ರಂಥಗಳು ಹುಟ್ಟುತ್ತಿದ್ದವು ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ.

ಉತ್ತರ ಕೊಂಕಣವನ್ನು ಸುಮಾರು ನಾನ್ನೂರೈವತ್ತು ವರ್ಷಗಳ ಕಾಲ ಆಳಿದವರು ಶಿಲಾಹಾರರು. ಅವರು ಮೊದಲಿಗೆ ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರು. ಕನ್ಹೇರಿಯ ಗುಹೆಗಳಲ್ಲಿರುವ 9ನೆಯ ಶತಮಾನದ ಶಾಸನಗಳು ಶಿಲಾಹಾರರ ಪುಲ್ಲಶಕ್ತಿಯನ್ನೂ ಕಪರ್ದಿಯನ್ನೂ ಹೇಳುವಾಗ ಅವರ ಒಡೆಯನಾದ ಅಮೋಘವರ್ಷನನ್ನು ಹೆಸರಿಸುತ್ತವೆ. ಕವಿರಾಜಮಾರ್ಗದೊಡನೆ ಹೆಸರು ಬೆಸೆದುಕೊಂಡಿರುವ ನೃಪತುಂಗನೇ ಆ ಅಮೋಘವರ್ಷ. ಬೋರಿವಲಿಯ ಬೆಟ್ಟದ ಬಂಡೆಯ ಮೇಲೆ ಕನ್ನಡನಾಡಿನ ದೊರೆಯ ಹೆಸರು ಹನ್ನೊಂದು ನೂರು ವರ್ಷಗಳಿಗೂ ಹಿಂದಿನಿಂದ ಇದೆ. ಹೋಟೆಲು, ಬ್ಯಾಂಕು, ಕಾರ್ಖಾನೆಗಳ ಉದ್ಯೋಗ ಅರಸಿ ಬಂದವರೇ ಇಲ್ಲಿಗೆ ಬಂದ ಮೊದಲ ಕನ್ನಡಿಗರೆಂದು ಭಾವಿಸಬೇಕಾಗಿಲ್ಲ.

11ನೆಯ ಶತಮಾನದಲ್ಲಿ ಛಿತ್ತರಾಜ, ನಾಗಾರ್ಜುನ, ಮುಮ್ಮುಣಿ ಎಂಬ ಮೂವರು ಸಹೋದರರು ಒಬ್ಬರಾದ ಮೇಲೊಬ್ಬರಂತೆ ಸ್ಥಾನಕದಲ್ಲಿ ಆಳಿದರು. ಲಾಟದೇಶದಿಂದ ಬಂದ ಸೋಡ್ಢಲನೆಂಬ ಕವಿಯು ಇವರ ಆಶ್ರಯದಲ್ಲಿದ್ದು ಉದಯಸುಂದರೀಕಥೆಯೆಂಬ ಚಂಪೂಕಾವ್ಯವನ್ನು ರಚಿಸಿದನು. ಕಲ್ಯಾಣದಿಂದ ಮುಂದೆ ಸಾಗಿದರೆ ಸಿಗುವ ಅಂಬರನಾಥದ ಶಿವಾಲಯದಲ್ಲಿ ಶಕ 982, ಅಂದರೆ ಕ್ರಿ.ಶ. 1060ರ ಶಾಸನವಿದ್ದು ಅದು ಮುಮ್ಮುಣಿಯ ಕಾಲದ್ದು. ಆ ದೇಗುಲದ ಭಿತ್ತಿಯ ಶಿಲ್ಪಗಳನ್ನು ನೋಡಲೆಂದೇ ಒಂದು ಭಾನುವಾರವನ್ನು ಮೀಸಲಿಡಬಹುದು.

ಇವೆಲ್ಲಕ್ಕಿಂತ ದೊಡ್ಡದು ಮುಂದಿನದು. 12ನೆಯ ಶತಮಾನದ ಪೂರ್ವಾರ್ಧದಲ್ಲಿ ಸ್ಥಾನಕದ ಸಿಂಹಾಸನದಲ್ಲಿದ್ದ ಅಪರಾದಿತ್ಯನು ಯಾಜ್ಞವಲ್ಕ್ಯಸ್ಮೃತಿಗೆ ವಿಸ್ತಾರವಾದ ವ್ಯಾಖ್ಯಾನವೊಂದನ್ನು ಬರೆದನು. ವಿದ್ವಾಂಸರು ಅದನ್ನು ಅಪರಾರ್ಕವೆಂದೇ ಕರೆಯುವರು. ಅದೇ ಸ್ಮೃತಿಗೆ, ಅದಕ್ಕೆ ಕೆಲವೇ ವರ್ಷಗಳ ಮುಂಚೆ, ವಿಜ್ಞಾನೇಶ್ವರನು ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದ್ದನು. ಅದು ರಚಿತವಾದದ್ದೂ ಕಲ್ಯಾಣದಲ್ಲಿ. ಆದರೆ ಆ ಕಲ್ಯಾಣ ಬೇರೆ: 1076ರಿಂದ 1126ರವರೆಗೆ ಆಳಿದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ರಾಜಧಾನಿ, ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಠಾಣೆ ಜಿಲ್ಲೆಯ ಕಲ್ಯಾಣವು ಅದಕ್ಕಿಂತಲೂ ಹಳೆಯದಾದ ಬಂದರು. ಗ್ರೀಕ್ ನಾವಿಕರ ಬರಹದಲ್ಲಿಯೂ ಅದರ ಹೆಸರುಂಟು. ಒಂದು ಕಲ್ಯಾಣದಲ್ಲಿ ಒಂದು ವ್ಯಾಖ್ಯಾನ, ಇನ್ನೊಂದು ಕಲ್ಯಾಣದ ನೆರೆಯಲ್ಲಿ ಇನ್ನೊಂದು. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯ ಮಾತು ನ್ಯಾಯಾಲಯಕ್ಕೆ ಬಂದಾಗ ಇಂದಿಗೂ ಮಿತಾಕ್ಷರದ ಹೆಸರು ಕೇಳಿಬರುತ್ತದೆ. 2005ರ ತಿದ್ದುಪಡಿಯು ಹೆಣ್ಣುಮಕ್ಕಳಿಗೂ ಸಮಾನ ಪಾಲನ್ನು ಕೊಟ್ಟದ್ದು ಆ ಪದ್ಧತಿಯ ಕುಟುಂಬದಲ್ಲಿಯೇ. ಅಪರಾರ್ಕದ ಕಥೆಯಾದರೋ ಇನ್ನೂ ಸೋಜಿಗದ್ದು. ಕಾಶ್ಮೀರದ ಮಂಖ ಕವಿಯ ಶ್ರೀಕಂಠಚರಿತದ ಕೊನೆಯ ಸರ್ಗದಲ್ಲಿ ಒಂದು ವಿದ್ವತ್ಸಭೆಯ ವರ್ಣನೆಯಿದೆ. ಅಲ್ಲಿ ನೆರೆದವರ ನಡುವೆ ಕೊಂಕಣದ ಅಪರಾದಿತ್ಯನು ಕಳುಹಿಸಿದ ತೇಜಕಂಠನೆಂಬ ದೂತನೂ ಇದ್ದಾನೆ. ಮುಂದೆ ಕಾಶ್ಮೀರದ ಪಂಡಿತರು ಧರ್ಮಶಾಸ್ತ್ರದಲ್ಲಿ ಪ್ರಮಾಣವೆಂದು ಹಿಡಿದದ್ದು ಇದೇ ಅಪರಾರ್ಕವನ್ನು. ಖಾಡಿಯ ದಡದ ಈ ಊರಿನ ಪಾಂಡಿತ್ಯವು ಹಿಮಾಲಯದ ತಪ್ಪಲಿನಲ್ಲಿ ಮಾನ್ಯವಾಗಿದ್ದಿತು. ಅದನ್ನು ಅಲ್ಲಿಗೆ ಒಯ್ದದ್ದು ಸಂಸ್ಕೃತ.

ಶಿಲಾಹಾರರ ಆಳ್ವಿಕೆಯನ್ನು ಸುಮಾರು 1265ರಲ್ಲಿ ಕೊನೆಗಾಣಿಸಿದವನು ದೇವಗಿರಿಯ ಯಾದವರ ಅರಸು ಮಹಾದೇವ. ಈ ಹೆಸರನ್ನು ಕೇಳಿದಾಗ ಸುಮಧ್ವವಿಜಯವನ್ನು ಪಾರಾಯಣ ಮಾಡುವವರಿಗೆ ಹತ್ತನೆಯ ಸರ್ಗವು ನೆನಪಾಗಬೇಕು. ಶ್ರೀಮದಾಚಾರ್ಯರು ಬದರೀಯಾತ್ರೆಯ ದಾರಿಯಲ್ಲಿರುವಾಗ, ದಾರಿಹೋಕರನ್ನೆಲ್ಲ ಹಿಡಿದು ನೆಲ ಅಗೆಸುತ್ತಿದ್ದ ಈಶ್ವರದೇವನೆಂಬ ರಾಜನು ಅವರನ್ನೂ ಅಗೆಯಲು ಹೇಳಿದನಷ್ಟೆ. ಹೇಗೆ ಅಗೆಯಬೇಕೆಂದು ತೋರಿಸಿಕೊಡಲು ಆಚಾರ್ಯರು ಅವನಿಗೇ ಹೇಳಿದರು; ಅಗೆಯತೊಡಗಿದ ರಾಜನು ನಿಲ್ಲಿಸಲಾರದೆ ಅಗೆಯುತ್ತಲೇ ಇದ್ದನು. ಆ ಈಶ್ವರದೇವನು ಯಾದವ ಮಹಾದೇವನೇ ಎಂಬುದು ಇತಿಹಾಸಜ್ಞರು ಸಾಮಾನ್ಯವಾಗಿ ಒಪ್ಪಿರುವ ಅಭಿಪ್ರಾಯ. ಸ್ಥಾನಕದ ಚರಿತ್ರೆಯ ಕೊನೆಯ ಪುಟವೂ ಆಚಾರ್ಯರ ಚರಿತ್ರೆಯ ಒಂದು ಪುಟವೂ ಹೀಗೆ ಒಬ್ಬನೇ ಅರಸನ ಹೆಸರಿನಲ್ಲಿ ಕೂಡುತ್ತವೆ.

ಈಚಿನ ಕಾಲಕ್ಕೆ ಬಂದರೂ ಈ ಪ್ರದೇಶವು ಮಾಧ್ವವಾಙ್ಮಯಕ್ಕೆ ಮಾಡಿದ ಉಪಕಾರವು ಅಲ್ಪವಲ್ಲ. ಕುಂಭಕೋಣದ ಟಿ. ಆರ್. ಕೃಷ್ಣಾಚಾರ್ಯರು ಮಾಧ್ವಗ್ರಂಥಗಳನ್ನು ಓಲೆಗರಿಯಿಂದ ಮುದ್ರಣಕ್ಕೆ ತರಲು ಹೊರಟಾಗ ಅವರಿಗೆ ಒದಗಿದ್ದು ಜಾವಜಿ ದಾದಾಜಿಯವರು ಮುಂಬಯಿಯಲ್ಲಿ ಸ್ಥಾಪಿಸಿದ ನಿರ್ಣಯಸಾಗರ ಮುದ್ರಣಾಲಯ. ದಾಕ್ಷಿಣಾತ್ಯ ಪಾಠದ ಮಹಾಭಾರತವೂ 1906ರಿಂದ 1910ರ ಅವಧಿಯಲ್ಲಿ ಅಲ್ಲಿಯೇ ಅಚ್ಚಾಯಿತು; ಅದನ್ನು ಕುಂಭಕೋಣದ ಆವೃತ್ತಿಯೆಂದು ಕರೆದರೂ ಅದರ ಮೊಳೆಗಳು ಮುಂಬಯಿಯವು. ಮುಂಬಯಿಯ ರೂಪಾರೆಲ್ ಕಾಲೇಜಿನಲ್ಲಿ ಸಂಸ್ಕೃತ ವಿಭಾಗದ ಮುಖ್ಯಸ್ಥರಾಗಿದ್ದ ಡಾ. ಬಿ. ಎನ್. ಕೆ. ಶರ್ಮಾ ಅವರು (1909–2005) ದ್ವೈತವೇದಾಂತದ ಮತ್ತು ಅದರ ವಾಙ್ಮಯದ ಇತಿಹಾಸವನ್ನು ಇಂಗ್ಲಿಷಿನಲ್ಲಿ ಬರೆದು 1963ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಗೆ ಪಾತ್ರರಾದರು. ದ್ವೈತಮತವೆಂದರೆ ಯಾವುದೋ ಪ್ರಾಂತೀಯ ಪಂಥವೆಂಬಂತೆ ಎರಡು ಸಾಲಿನಲ್ಲಿ ಮುಗಿಸುತ್ತಿದ್ದ ವಿದ್ವಲ್ಲೋಕವು ಆ ಗ್ರಂಥವನ್ನು ಬದಿಗಿರಿಸಿ ಮುಂದೆ ಹೋಗಲಾಗಲಿಲ್ಲ. ಠಾಣೆಗೆ ಹೊಂದಿಕೊಂಡಿರುವ ಮುಲುಂಡಿನಲ್ಲಿ ಪಂಡಿತ ಮಾಹುಲಿ ಗೋಪಾಲಾಚಾರ್ಯರು ಕಟ್ಟಿದ ಸತ್ಯಧ್ಯಾನ ವಿದ್ಯಾಪೀಠವು ಗುರುಕುಲದ ಕ್ರಮದಲ್ಲಿ ಶ್ರೀಮನ್ನ್ಯಾಯಸುಧಾದಿಗಳ ಪಾಠವನ್ನು ನಡೆಸಿಕೊಂಡು ಬಂದಿದೆ. ಲೋಕಲ್ ರೈಲಿನ ಸದ್ದು ಕೇಳುವಷ್ಟು ಸಮೀಪದಲ್ಲಿ ಜಯತೀರ್ಥರ ಪಂಕ್ತಿಗಳು ಇಂದಿಗೂ ಬಾಯಿಪಾಠವಾಗುತ್ತಿವೆ.

ಹಾಗಾದರೆ ಸಂಸ್ಕೃತದ ವಿಷಯದಲ್ಲಿ ಇಲ್ಲಿಯ ಮಾಧ್ವರಿಗೆ ಚಿಂತೆ ಏತಕ್ಕೆ? ಸತ್ಯವಾಗಿ ಹೇಳುವುದಾದರೆ, ಸಂಸ್ಕೃತದ ವಿಷಯದಲ್ಲಿ ಅಷ್ಟು ದೊಡ್ಡ ಚಿಂತೆಯಿಲ್ಲ. ಮಹಾರಾಷ್ಟ್ರದ ಶಾಲೆಗಳಲ್ಲಿ ಎಸ್.ಎಸ್.ಸಿ. ಪರೀಕ್ಷೆಗೆ ಸಂಸ್ಕೃತವನ್ನು ನೂರು ಅಂಕಗಳಿಗೆ ಪೂರ್ಣವಾಗಿಯೋ ಐವತ್ತು ಅಂಕಗಳಿಗೆ ಸಂಯುಕ್ತವಾಗಿಯೋ ತೆಗೆದುಕೊಳ್ಳಬಹುದು. ಅಂಕ ಹೆಚ್ಚು ದೊರೆಯುವುದೆಂಬ ಆಸೆಯಿಂದಲೇ ಆದರೂ ಮಕ್ಕಳು ರಾಮಶಬ್ದವನ್ನು ಕಲಿಯುತ್ತಿದ್ದಾರೆ. ಮರಾಠಿಯ ದೆಸೆಯಿಂದ ದೇವನಾಗರಿ ಲಿಪಿ ಅವರಿಗೆ ಕರತಲಾಮಲಕ. ದ್ವಾದಶಸ್ತೋತ್ರ, ಹರಿವಾಯುಸ್ತುತಿ, ರಾಘವೇಂದ್ರಸ್ತೋತ್ರಗಳ ದೇವನಾಗರೀ ಪುಸ್ತಕಗಳು ದೊರೆಯುತ್ತವೆ. ಮರಾಠಿ ಉಚ್ಚಾರಣೆಯ ರೂಢಿಯಿಂದ ಜ್ಞಾನವೆಂಬುದು ‘ದ್ನ್ಯಾನ’ವಾಗುವುದುಂಟು, ಕನ್ನಡಿಗರ ಬಾಯಲ್ಲಿ ಅದು ‘ಗ್ನ್ಯಾನ’ವಾಗುವುದರಿಂದ ಯಾರೂ ಯಾರನ್ನೂ ನಗುವಂತಿಲ್ಲ. ಅರ್ಥ ತಿಳಿಯದೆ ಪಠಿಸುವ ದೋಷವಿದೆ, ಅದನ್ನು ಪಾಠದಿಂದ ಸರಿಪಡಿಸಬಹುದು. ಪಾಠ ಹೇಳುವವರು ಹತ್ತಿರದಲ್ಲಿಯೇ ಇದ್ದಾರೆ.

ಚಿಂತೆ ಇರುವುದು ಬೇರೊಂದು ಕಡೆ. ಈ ಊರುಗಳ ಅನೇಕ ಮಾಧ್ವಗೃಹಗಳಲ್ಲಿ ದೇವರ ಮಂಟಪದ ಪಕ್ಕದಲ್ಲಿ ಒಂದು ಹಳೆಯ ಪುಸ್ತಕ ಇರುತ್ತದೆ. ಬೈಂಡು ಸಡಿಲಿದ, ಎಣ್ಣೆಯ ಕಲೆಯ, ಪುಟಗಳ ಅಂಚಿನಲ್ಲಿ ಪೆನ್ಸಿಲಿನಿಂದ ರಾಗದ ಹೆಸರನ್ನೋ ಹಬ್ಬದ ದಿನವನ್ನೋ ಗುರುತು ಹಾಕಿದ ಪುಸ್ತಕ. ಊರಿನಿಂದ ಬರುವಾಗ ಅಜ್ಜಿ ತಂದದ್ದು. ಅದರಲ್ಲಿ ಲಕ್ಷ್ಮೀಶೋಭಾನೆಯುಂಟು, ಸುಳಾದಿಗಳುಂಟು, ಹರಿಕಥಾಮೃತಸಾರದ ಸಂಧಿಗಳುಂಟು. ಮಗನಿಗೆ ಅದನ್ನು ತಡೆತಡೆದು ಓದಲು ಬರುತ್ತದೆ. ಮೊಮ್ಮಗಳಿಗೆ ಅದು ಅಲಂಕಾರದ ಗೆರೆಗಳು. ಮನೆಯೊಳಗೆ ತುಳುವೋ ಕನ್ನಡವೋ, ಕಟ್ಟಡದ ಕೆಳಗೆ ಮರಾಠಿ, ರೈಲಿನಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್: ಇಷ್ಟನ್ನು ಲೀಲೆಯಿಂದ ನಿಭಾಯಿಸುವ ಆ ಮಗುವಿನ ಬುದ್ಧಿಗೆ ಕೊರತೆಯಿಲ್ಲ. ಯಾರೂ ಆ ಅಕ್ಷರಗಳನ್ನು ಅದಕ್ಕೆ ತೋರಿಸಲಿಲ್ಲ, ಅಷ್ಟೆ.

ದೇವನಾಗರಿಯಲ್ಲಿ ಅಚ್ಚುಹಾಕಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ, ಪ್ರಶ್ನೆ ಸಹಜವಾದದ್ದೇ. ಸಂಸ್ಕೃತಕ್ಕೆ ಅದು ಸಾಕು. ಸಂಸ್ಕೃತವು ಯಾವ ಒಂದು ಲಿಪಿಗೂ ಕಟ್ಟುಬಿದ್ದುದಲ್ಲ. ಗ್ರಂಥ, ನಂದಿನಾಗರಿ, ತುಳು, ಕನ್ನಡ ಎಲ್ಲ ಲಿಪಿಗಳಲ್ಲಿಯೂ ಅದು ನಷ್ಟವಿಲ್ಲದೆ ವಾಸಿಸಿದೆ. ಕನ್ನಡಕ್ಕೆ ಮಾತ್ರ ಅದು ಸಾಲದು, ಕಾರಣ ಭಾವುಕವಾದದ್ದಲ್ಲ. ಸಂಸ್ಕೃತದಲ್ಲಿ ಏಕಾರ, ಓಕಾರಗಳು ಯಾವಾಗಲೂ ದೀರ್ಘ. ಕನ್ನಡದಲ್ಲಿ ಎ, ಒ ಎಂಬ ಹ್ರಸ್ವಗಳು ಬೇರೆಯೇ ಇವೆ. ಮರಾಠಿಯ ದೇವನಾಗರಿಯಲ್ಲಿ ಅವಕ್ಕೆ ಅಕ್ಷರವಿಲ್ಲ. ವಿಶೇಷ ಚಿಹ್ನೆಗಳನ್ನು ಕಲ್ಪಿಸಿರುವರಾದರೂ ಶಾಲೆಯ ಮಗುವಿಗೆ ಅವು ಅಪರಿಚಿತ. ಆದ್ದರಿಂದ ದೇವನಾಗರಿಯಲ್ಲಿ ಬರೆದಾಗ ಒಲೆಯೂ ಓಲೆಯೂ ಒಂದೇ ಆಗುತ್ತವೆ. ತೆರು ಎಂಬುದು ತೇರಾಗುತ್ತದೆ. ದೇವರನ್ನು ‘ಕೊಡು’ ಎಂದು ಬೇಡಿದ್ದು ‘ಕೋಡು’ ಆಗಿಬಿಡುತ್ತದೆ. ಅರ್ಥವನ್ನು ಸಂದರ್ಭದಿಂದ ಊಹಿಸಿಕೊಳ್ಳಬಹುದು ಎನ್ನೋಣ. ಛಂದಸ್ಸನ್ನು ಹೇಗೆ ಊಹಿಸುವುದು? ಹರಿಕಥಾಮೃತಸಾರವು ಭಾಮಿನೀ ಷಟ್ಪದಿಯಲ್ಲಿದೆ. ಅದರ ಒಂದು, ಎರಡು, ನಾಲ್ಕು, ಐದನೆಯ ಪಾದಗಳಿಗೆ ಹದಿನಾಲ್ಕು ಮಾತ್ರೆಗಳು. ಮೂರು ಮತ್ತು ಆರನೆಯವಕ್ಕೆ ಇಪ್ಪತ್ತಮೂರು. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು. ಹ್ರಸ್ವವಾದ ಎಕಾರ, ಒಕಾರಗಳೆಲ್ಲ ದೀರ್ಘವಾದರೆ ಹದಿನಾಲ್ಕು ಹದಿನಾರಾಗುತ್ತದೆ, ಹದಿನೇಳಾಗುತ್ತದೆ; ಮಾನವಿಯ ಜಗನ್ನಾಥದಾಸರು ತೂಗಿ ಇಟ್ಟ ಪದ್ಯವು ಕುಂಟುತ್ತದೆ. ರೋಮನ್ ಅಕ್ಷರದ ಪ್ರತಿಗಳಲ್ಲಿ ಇನ್ನೂ ಕಷ್ಟ: ಅಲ್ಲಿ ಲಕಾರ ಳಕಾರಗಳ ಭೇದವೂ ಉಳಿಯುವುದಿಲ್ಲ.

ದಾಸಸಾಹಿತ್ಯವನ್ನು ಕಳೆದುಕೊಂಡರೆ ಶಾಸ್ತ್ರವು ಹೇಗೂ ಉಳಿಯುವುದಲ್ಲ ಎನ್ನುವ ಸಮಾಧಾನವೂ ನಿಲ್ಲುವಂಥದ್ದಲ್ಲ. ಮಾಧ್ವಪರಂಪರೆಯು ಈ ಎರಡನ್ನು ಮೇಲುಕೀಳಾಗಿ ಇಟ್ಟದ್ದೇ ಇಲ್ಲ. ನ್ಯಾಯಸುಧೆಗೆ ವಾಗ್ವಜ್ರವೆಂಬ ಟಿಪ್ಪಣಿಯನ್ನು ಬರೆದ ಶ್ರೀಪಾದರಾಜರೇ ರಂಗವಿಠಲನ ಅಂಕಿತದಲ್ಲಿ ಹಾಡಿದರು. ನ್ಯಾಯಾಮೃತವನ್ನು ಬರೆದ ವ್ಯಾಸರಾಜರೇ ಪುರಂದರದಾಸರಿಗೂ ಕನಕದಾಸರಿಗೂ ಗುರುಗಳು. ಯುಕ್ತಿಮಲ್ಲಿಕಾ, ರುಕ್ಮಿಣೀಶವಿಜಯಗಳ ಕರ್ತೃಗಳಾದ ವಾದಿರಾಜರು ಲಕ್ಷ್ಮೀಶೋಭಾನೆಯನ್ನು ಕನ್ನಡದಲ್ಲಿ ಕೊಟ್ಟರು. ತುಳುವಿನಲ್ಲಿಯೂ ಹಾಡು ಕಟ್ಟಿದರು. ಆಚಾರ್ಯರ ಸಾಕ್ಷಾತ್ ಶಿಷ್ಯರಾದ ನರಹರಿತೀರ್ಥರು ಕಳಿಂಗದಲ್ಲಿ ಅಧಿಕಾರ ವಹಿಸಿದ್ದವರು. ಶ್ರೀಕೂರ್ಮದ ಶಾಸನಗಳಲ್ಲಿ ಅವರ ಹೆಸರಿದೆ. ಅಂತಹವರ ಅಂಕಿತದಲ್ಲಿಯೂ ಕನ್ನಡದ ಹಾಡುಗಳು ಉಳಿದುಬಂದಿವೆ. ಹೊರನಾಡಿನಲ್ಲಿದ್ದೂ ಕನ್ನಡದಲ್ಲಿ ಹರಿಯನ್ನು ಹಾಡಿದವರ ಸಾಲು ಅಷ್ಟು ಹಿಂದಿನಿಂದ ಆರಂಭವಾಗುತ್ತದೆ. ಕನ್ನಡದ ಹರಿಕಥಾಮೃತಸಾರಕ್ಕೆ ಸಂಸ್ಕೃತದಲ್ಲಿಯೂ ವ್ಯಾಖ್ಯಾನ ಹುಟ್ಟಿತೆಂಬುದನ್ನು ನೆನೆದರೆ ಯಾವುದು ಮೂಲ, ಯಾವುದು ಅನುಸರಣೆ ಎಂಬ ಗರ್ವವೇ ಕರಗಬೇಕು.

ಇನ್ನೊಂದು ಮಾತನ್ನು ಸಭೆಯಲ್ಲಿರುವ ಮಾತೆಯರು ಹೆಚ್ಚು ಚೆನ್ನಾಗಿ ಬಲ್ಲರು. ಸಂಸ್ಕೃತಶಾಸ್ತ್ರದ ಪಾಠವು ಶತಮಾನಗಳ ಕಾಲ ಮನೆಯ ಅರ್ಧದಷ್ಟು ಮಂದಿಗೆ, ಅಂದರೆ ಹೆಂಗಸರಿಗೆ, ದೊರೆಯಲಿಲ್ಲ. ತಾರತಮ್ಯ, ಪಂಚಭೇದ, ಬಿಂಬೋಪಾಸನೆ ಮೊದಲಾದ ಪ್ರಮೇಯಗಳು ಅವರನ್ನು ತಲುಪಿದ್ದು ಕನ್ನಡದ ಹಾಡಿನ ಮೂಲಕ. ಕೇವಲ ತಲುಪಲಿಲ್ಲ, 18ನೆಯ ಶತಮಾನದ ಹೆಳವನಕಟ್ಟೆ ಗಿರಿಯಮ್ಮನವರು, 19ನೆಯ ಶತಮಾನದ ಹರಪನಹಳ್ಳಿ ಭೀಮವ್ವನವರು ತಾವೇ ಕೃತಿಗಳನ್ನು ರಚಿಸಿದರು. ಡೊಂಬಿವಲಿಯ ಕಲ್ಯಾಣಮಂಟಪದಲ್ಲಿ ನಡೆಯುವ ಮದುವೆಯಲ್ಲಿ ಪುರೋಹಿತರ ಮಂತ್ರವು ಮುಗಿದು ಹಿರಿಯ ಹೆಂಗಸರು ಶೋಭಾನೆಯನ್ನು ಎತ್ತಿಕೊಂಡಾಗ, ವಧುವಿನ ಗೆಳತಿಯರಲ್ಲಿ ಎಷ್ಟು ಮಂದಿ ದನಿಗೂಡಿಸುತ್ತಾರೆ ಎಂಬುದನ್ನು ಯಾರಾದರೂ ಒಮ್ಮೆ ಗಮನಿಸಬಹುದು. ಮಂತ್ರವನ್ನು ಹೇಳುವವರು ಮುಂದೆಯೂ ದೊರೆಯುತ್ತಾರೆ. ಶೋಭಾನೆಯನ್ನು ಹೇಳುವವರನ್ನು ಎಲ್ಲಿಂದ ಕರೆತರುವುದು?

ಲಿಪಿಯೊಂದು ಹೇಗೆ ಕೈಬಿಟ್ಟುಹೋಗುತ್ತದೆ ಎಂಬುದಕ್ಕೆ ಈ ಸಮಾಜದಲ್ಲಿಯೇ ನಿದರ್ಶನವಿದೆ. ಶ್ರೀಮದಾಚಾರ್ಯರ ಶಿಷ್ಯರಾದ ಹೃಷೀಕೇಶತೀರ್ಥರು ಬರೆದಿಟ್ಟ ಸರ್ವಮೂಲದ ಓಲೆಗರಿಯ ಪ್ರತಿಯು ಪಲಿಮಾರು ಮಠದಲ್ಲಿ ರಕ್ಷಿತವಾಗಿ ಬಂದಿದೆ. ಅದರ ಲಿಪಿ ತುಳು. ಕರಾವಳಿಯ ವೈದಿಕರ ಮನೆಗಳಲ್ಲಿ ಒಂದು ಕಾಲಕ್ಕೆ ಈ ಲಿಪಿಯೇ ನಿತ್ಯದ ಬರವಣಿಗೆ. ಕುಟುಂಬಗಳ ಪೆಟ್ಟಿಗೆಗಳಲ್ಲಿ ಅದರ ಗ್ರಂಥಗಳು ತುಂಬಿದ್ದವು. ಅಚ್ಚಿನ ಪುಸ್ತಕಗಳು ಕನ್ನಡ ಲಿಪಿಯಲ್ಲಿ ಬರಲಾರಂಭಿಸಿದ ಮೇಲೆ ಯಾರೂ ನಿಷೇಧಿಸದೆ, ಯಾರೂ ವಿರೋಧಿಸದೆ, ಎರಡು ಮೂರು ತಲೆಮಾರುಗಳಲ್ಲಿ ಅದನ್ನು ಓದಬಲ್ಲವರು ವಿರಳರಾದರು. ವಿದ್ಯಾವಾಚಸ್ಪತಿ ಬನ್ನಂಜೆ ಗೋವಿಂದಾಚಾರ್ಯರು (1936–2020) ಆ ಪ್ರಾಚೀನ ಪ್ರತಿಯನ್ನು ಓದಿ, ಪಾಠಗಳನ್ನು ಪರಿಶೀಲಿಸಿ ಸರ್ವಮೂಲಗ್ರಂಥಗಳನ್ನು ಸಂಪಾದಿಸಿಕೊಟ್ಟದ್ದು ಮಹೋಪಕಾರ. ಆದರೆ ಅಜ್ಜನ ಮನೆಯ ಕಟ್ಟನ್ನು ಬಿಚ್ಚಿ ಓದಲು ಪ್ರತಿ ಮನೆಗೂ ಒಬ್ಬ ಬನ್ನಂಜೆಯವರು ದೊರೆಯಲಿಲ್ಲ. ಎಷ್ಟೋ ಓಲೆಗರಿಗಳು ಗೆದ್ದಲಿಗೆ, ನೀರಿಗೆ ಸಂದುಹೋದವು. ತುಳು ಲಿಪಿಗೆ ಊರಿನಲ್ಲಿ ಆದದ್ದು ಕನ್ನಡ ಲಿಪಿಗೆ ಠಾಣೆಯ ಮನೆಗಳಲ್ಲಿ ಆಗುತ್ತಿದೆ.

ಪರಿಹಾರವು ಕಷ್ಟದ್ದಲ್ಲ ಎಂಬುದೇ ಈ ವಿಷಯದಲ್ಲಿ ನಾಚಿಕೆಗೆ ಕಾರಣವಾಗಬೇಕಾದ ಸಂಗತಿ. ದೇವನಾಗರಿಯನ್ನು ಬಲ್ಲ ಮಗುವಿಗೆ ಕನ್ನಡದ ವರ್ಣಮಾಲೆಯು ಹೊಸದಲ್ಲ. ಎರಡೂ ಬ್ರಾಹ್ಮಿಯ ಸಂತಾನ. ಅದೇ ಕವರ್ಗ, ಅದೇ ಚವರ್ಗ, ಅದೇ ಅನುಕ್ರಮ. ಹೊಸದಾಗಿ ಕಲಿಯಬೇಕಾದುದು ಅಕ್ಷರಗಳ ಆಕಾರ, ಎರಡು ಹ್ರಸ್ವಸ್ವರಗಳು, ಕೆಳಗೆ ಬರೆಯುವ ಒತ್ತಕ್ಷರಗಳು. ವಾರಕ್ಕೆ ಒಂದು ಗಂಟೆಯಂತೆ ಕೆಲವು ತಿಂಗಳುಗಳಲ್ಲಿ ಇದು ಸಾಧ್ಯ. ಡೊಂಬಿವಲಿಯ ಕರ್ನಾಟಕ ಸಂಘದವರು ಮಂಜುನಾಥ ವಿದ್ಯಾಲಯವನ್ನು ಕಟ್ಟಿ ಬೆಳೆಸಿದ್ದಾರೆ. ಹಿಂದಿನ ತಲೆಮಾರಿನವರು ಮುಂಬಯಿಯಲ್ಲಿ ಹಗಲು ಹೋಟೆಲಿನಲ್ಲಿ ದುಡಿದು ಕನ್ನಡದ ರಾತ್ರಿಶಾಲೆಗಳಲ್ಲಿ ಕಲಿತರು. ಅವರಿಗೆ ಇದ್ದ ಸೌಕರ್ಯಕ್ಕಿಂತ ಇಂದಿನ ಶಾಖಾಮಠಗಳಿಗೆ ಸೌಕರ್ಯ ಹೆಚ್ಚೇ ಇದೆ: ಸಭಾಂಗಣವಿದೆ, ಭಾನುವಾರವಿದೆ, ನಿವೃತ್ತರಾದ ಶಿಕ್ಷಕ ಶಿಕ್ಷಕಿಯರಿದ್ದಾರೆ. ತುಳು ಮನೆಮಾತಾಗಿರುವ ಕುಟುಂಬಗಳು ಕನ್ನಡವನ್ನು ಇನ್ನೊಬ್ಬರ ಭಾಷೆಯೆಂದು ಎಣಿಸಬೇಕಾಗಿಲ್ಲ. ದಾಸರ ಪದವು ಆ ಮನೆಗಳಲ್ಲಿ ಎಂದೂ ಪರಕೀಯವಾಗಿರಲಿಲ್ಲ.

ಸಂಸ್ಕೃತದ ತರಗತಿಯನ್ನು ನಿಲ್ಲಿಸಿ ಇದನ್ನು ನಡೆಸಬೇಕೆಂಬ ಮಾತಲ್ಲ. ಒಂದೇ ತರಗತಿಯಲ್ಲಿ ಎರಡೂ ನಡೆಯಬಹುದು. ದ್ವಾದಶಸ್ತೋತ್ರದ ಒಂದು ಶ್ಲೋಕವನ್ನು ಹಲಗೆಯ ಮೇಲೆ ದೇವನಾಗರಿಯಲ್ಲಿ ಬರೆದು, ಕೆಳಗೆ ಅದನ್ನೇ ಕನ್ನಡದಲ್ಲಿ ಬರೆದರೆ, ಬಾಯಿಗೆ ಮೊದಲೇ ಬರುವ ಶ್ಲೋಕದ ಮೂಲಕ ಅಕ್ಷರವು ತಾನಾಗಿ ಪರಿಚಯವಾಗುತ್ತದೆ. ಸಂಸ್ಕೃತವೇ ಕನ್ನಡವನ್ನು ಕೈಹಿಡಿದು ಕರೆತರುವ ಈ ಕ್ರಮಕ್ಕೆ ಪಠ್ಯಪುಸ್ತಕವೂ ಬೇಕ

ಾಗಿಲ್ಲ. ಅಕ್ಷರ ಕೂಡಿದ ಮೇಲೆ ಮೊದಲ ವಾಚನಕ್ಕೆ ಹೊಸ ಪುಸ್ತಕವನ್ನು ಕೊಳ್ಳುವುದು ಬೇಡ. ಮಂಟಪದ ಪಕ್ಕದ ಆ ಹಳೆಯ ಪುಸ್ತಕವನ್ನೇ ಮಗು ತರಲಿ; ಲಕ್ಷ್ಮೀಶೋಭಾನೆಯ ಪುಟವನ್ನು ತೆರೆದು, ಅಜ್ಜಿಯನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಓದಲಿ. ತಪ್ಪಿದಲ್ಲಿ ಆಕೆ ಪುಸ್ತಕವನ್ನು ನೋಡದೆಯೇ ತಿದ್ದುವರು. ಅಂಚಿನಲ್ಲಿರುವ ಪೆನ್ಸಿಲಿನ ಗುರುತುಗಳು ಯಾವ ಮದುವೆಯವು, ಯಾವ ವರ್ಷದ ಶುಕ್ರವಾರದವು ಎಂಬುದನ್ನು ಆಗಲೇ ಕೇಳಿಕೊಳ್ಳಬಹುದು.

॥ ಶ್ರೀಕೃಷ್ಣಾರ್ಪಣಮಸ್ತು ॥